ಅರಿಶಿನ ಹತ್ತದ ಈಟಿ

ಕಂತು ಏಳು

ಉಗ್ರಾಣದ ಬಾಗಿಲು ಹಾಕಿಕೊಂಡು, ಕೆಳಗಿನ ಸಂದಿಗೆ ಟವೆಲ್ ತುರುಕಿ, ಅಕ್ಕಿ ಮೂಟೆಯ ಮೇಲೆ ಕೂತು ಶರ್ವಾಣಿ ದೀಪದ ಗುಂಡಿ ಒತ್ತಿದಳು.

ನೇರಳೆ ಬೆಳಕು ಹರಡಿತು. ಷೆಲ್ಫಿನ ಮೇಲಿದ್ದ ಅರಿಶಿನದ ಡಬ್ಬಿಯ ಮುಚ್ಚಳ ಹಸಿರುಹಳದಿಯಾಗಿ ಫಳ್ಳೆಂದಿತು. ಪಕ್ಕದ ಸಾರಿನಪುಡಿ ಡಬ್ಬಿಯ ಅಂಚೂ ಮಿನುಗಿತು. ತೊಡೆಯ ಮೇಲೆ ಅಡ್ಡ ಮಲಗಿದ್ದ ಈಟಿ ಮಾತ್ರ ಸತ್ತ ಹಾಗೆ ಕಪ್ಪಗೆ ಬಿದ್ದಿತ್ತು.

ತುದಿಯಿಂದ ಬುಡದವರೆಗೆ ದೀಪ ಆಡಿಸಿದಳು. ಅಲಗಿನ ಮೇಲೆ ಕುಂಕುಮದ ಬೊಟ್ಟು ಇತ್ತು, ಅದೂ ಬೆಳಗಲಿಲ್ಲ. ಅಲಗು ಹಿಡಿಗೆ ಕೂಡುವ ಕಡೆ ಸುತ್ತಿದ್ದ ತೊಗಲನ್ನು ಬೆರಳಿನಲ್ಲಿ ಹಿಗ್ಗಿಸಿ, ಮಡಿಕೆ ಮಡಿಕೆಯೊಳಗೂ ಇಣುಕಿದಳು. ಅರಿಶಿನದ ಒಂದು ಕಣವೂ ಇರಲಿಲ್ಲ.

ಸಿಕ್ಕಿಬಿದ್ದೆಯಲ್ಲ ಕೃಷ್ಣವೇಣಿ, ಅಂತ ಮನಸ್ಸಿನಲ್ಲೇ ಅಂದುಕೊಂಡಳು. ಅಂದುಕೊಂಡ ಕೂಡಲೇ ಎದೆಯಲ್ಲಿ ಎಂಥದೋ ತಂಪು. ಹದಿನೈದು ವರ್ಷದಿಂದ ಉರಿಯುತ್ತಿದ್ದ ಜಾಗಕ್ಕೆ ಯಾರೋ ಮಜ್ಜಿಗೆ ಸುರಿದ ಹಾಗಾಯಿತು.

ವಿಷಯ ಗೊತ್ತಿಲ್ಲದವರಿಗೆ ಒಂದೇ ಮಾತು: ಡಲ್ಲಾಸಿನಿಂದ ನಾಲ್ಕು ಗಂಟೆ ದಾರಿಯ ಕೇಟಿ ಊರಿನಲ್ಲಿ ಮನೆ ಮಾಡಿಕೊಂಡಿರುವ ಎಣ್ಣೆ ಕಂಪನಿ ಇಂಜಿನಿಯರ್, ಕೃಷ್ಣವೇಣಿಯ ಗಂಡ ಜಯತೀರ್ಥನ ಹಳೇ ಜುಲು ಈಟಿಯನ್ನು ಯಾರೋ ಕದ್ದು, ಅದೇ ಜಾಗದಲ್ಲಿ ನಕಲಿ ತೂಗುಹಾಕಿದ್ದಾರೆ; ಡಲ್ಲಾಸಿನ ವಿಮೆ ಕಂಪನಿ ಪತ್ತೆಗೆ ಕಳಿಸಿದ್ದು ಶರ್ವಾಣಿಯನ್ನು.

ಆ ಈಟಿ ಅಂತಿಂಥದ್ದಲ್ಲ. ಇಕ್ಲ್ವಾ ಅಂತ ಅದರ ಹೆಸರು. ದೂರದಿಂದ ಎಸೆಯುವಂಥದ್ದಲ್ಲ, ಮೈಗೆ ಮೈ ತಾಗುವಷ್ಟು ಹತ್ತಿರ ಹೋಗಿ ತಿವಿಯುವಂಥದ್ದು. ಚುಚ್ಚಿ ವಾಪಸು ಕೀಳುವಾಗ ಬರುವ ಸದ್ದನ್ನೇ ಜುಲು ಜನ ಹೆಸರಾಗಿ ಇಟ್ಟರು ಅನ್ನುತ್ತಾರೆ. ಸಾವಿರದ ಎಂಟುನೂರ ಎಪ್ಪತ್ತೊಂಬತ್ತರ ಜನವರಿಯಲ್ಲಿ ಇಸಾಂಡ್ಲ್ವಾನ ಅನ್ನೋ ಗುಡ್ಡದ ಬುಡದಲ್ಲಿ ಬಂದೂಕು, ಫಿರಂಗಿ ಇಟ್ಟುಕೊಂಡು ಡೇರೆ ಹೊಡೆದಿದ್ದ ಇಂಗ್ಲಿಷ್ ದಂಡನ್ನು ಜುಲು ಪಡೆ ಇಂಥ ಈಟಿ, ಹಸುವಿನ ತೊಗಲಿನ ಗುರಾಣಿ ಹಿಡಿದುಕೊಂಡು ಬಂದು ಸಂಜೆಯೊಳಗೆ ಮುಗಿಸಿಹಾಕಿತು. ಬಿದ್ದವರನ್ನು ಹೂಳೋಕೆ ಇಂಗ್ಲಿಷರು ಆ ಬಯಲಿಗೆ ಬಂದದ್ದು ತಿಂಗಳುಗಳ ಮೇಲೆ. ಬಂದವರೇನು ಬರಿಗೈಲಿ ಹೋದರೇ? ಕೈಗೆ ಸಿಕ್ಕಿದ್ದನ್ನು ಗಂಟು ಕಟ್ಟಿಕೊಂಡರು. ಅಂಥ ಒಂದು ಗಂಟಿನಲ್ಲಿ ಇಂಗ್ಲೆಂಡಿಗೆ ಹೋಗಿ, ಯಾರದೋ ಅಗ್ಗಿಷ್ಟಿಕೆಯ ಮೇಲೆ ಮೂರು ತಲೆಮಾರು ಹೊಗೆ ಕುಡಿದು, ತಿರುಗಿ ಡರ್ಬನ್ನಿನ ಒಂದು ಅಂಗಡಿಗೆ ಬಂದಿತ್ತು ಈ ಈಟಿ. ಜಯತೀರ್ಥ ಅಲ್ಲಿ ಕೆಲಸದ ಮೇಲಿದ್ದಾಗ ಕೊಂಡುಕೊಂಡ.

ಕೊಂಡವನು ಸುಮ್ಮನೆ ಗೋಡೆಗೆ ಹಾಕಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಪುಣ್ಯಾತ್ಮ ಅದನ್ನು ಪ್ರತಿವರ್ಷ ಆಯುಧಪೂಜೆಗೆ ಇಡುತ್ತಿದ್ದ. ಕಾರು, ಕಂಪ್ಯೂಟರು, ಈಳಿಗೆಮಣೆ, ಅದರ ಪಕ್ಕದಲ್ಲಿ ಇಸಾಂಡ್ಲ್ವಾನದ ಈಟಿ. ಹಿಡಿಯ ಕುತ್ತಿಗೆಗೆ ಬಿಗಿದದ್ದು ಹಸುವಿನ ಬಾಲದ ತೊಗಲು; ಹಸಿಯಾಗಿರುವಾಗ ಕೊಳವೆಯ ಹಾಗೆ ಎಳೆದು ತೊಡಿಸಿದರೆ ಒಣಗಿ ತಾನೇ ಕಚ್ಚಿಕೊಳ್ಳುತ್ತದೆ, ಹೊಲಿಗೆ ಬೇಕಾಗುವುದಿಲ್ಲ. ಅಮ್ಮ ಊರಿನಿಂದ ಬಂದಾಗ ಮಾತ್ರ ಅದು ಮೇಕೆ ತೊಗಲು ಅಂತ ಸುಳ್ಳು ಹೇಳಿದ್ದ. ಆ ತೊಗಲಿಗೆ ಮೂರು ಬೆರಳಲ್ಲಿ ಅರಿಶಿನ ಉಜ್ಜುತ್ತಿದ್ದ, ಅಲಗಿಗೆ ಕುಂಕುಮ ಇಡುತ್ತಿದ್ದ. ಈ ವರ್ಷವೂ ಮನೆ ತುಂಬ ಜನರ ಎದುರಿಗೆ ಉಜ್ಜಿದ್ದ.

ಹಬ್ಬ ಕಳೆದ ಮೇಲೆ ಆಸ್ಟಿನ್ನಿನಿಂದ ಒಬ್ಬ ತಜ್ಞ ಬಂದ, ಪ್ರದರ್ಶನಕ್ಕೆ ಎರವಲು ಕೇಳೋಕೆ. ಈಟಿ ಕೈಗೆ ತೆಗೆದುಕೊಂಡ, ತೊಗಲಿನ ಮೇಲೆ ಹೊಲಿಗೆ ಕಂಡ, ಇದು ಪ್ರವಾಸಿಗರಿಗೆ ಮಾರುವ ಮಾಲು ಅಂತ ಹೇಳಿ ಕೆಳಗಿಟ್ಟ. ಜಯತೀರ್ಥ ಅಲ್ಲೇ ಕುಸಿದು ಕೂತನಂತೆ.

ಮೊದಲ ಅನುಮಾನ ಬಿದ್ದದ್ದು ಅಣ್ಣಾಸಾಹೇಬನ ಮೇಲೆ. ಆಸ್ಟಿನ್ ಪಕ್ಕದ ಸೀಡರ್ ಪಾರ್ಕ್ ಊರಿನಲ್ಲಿ ಒಂಟಿಯಾಗಿರುವ ಕಂಪ್ಯೂಟರ್ ಚಿಪ್ ಕಂಪನಿಯವನು, ಅವನೂ ಡರ್ಬನ್ನಿನಲ್ಲಿ ಇದ್ದವನು. ಅದೇ ಅಂಗಡಿಯಲ್ಲಿ ಅದೇ ಈಟಿಗೆ ಕೈ ಹಾಕಿದ್ದ, ಅರ್ಧ ದಿನ ತಡವಾಯಿತು, ಜಯತೀರ್ಥನ ಪಾಲಾಯಿತು. ಅವನಿಗೆ ದಕ್ಕಿದ್ದು ಬರೀ ಗುರಾಣಿ. ಹೋದ ಶನಿವಾರ ಶರ್ವಾಣಿ ಅವನ ಮನೆಗೆ ಹೋಗಿದ್ದಾಗ ಗುರಾಣಿ ತೋರಿಸಿ, ಗಂಡನನ್ನ ಮಾತ್ರ ಕಳಿಸಿ ಹೆಂಡತಿಯನ್ನ ತವರಲ್ಲೇ ಇಟ್ಟುಕೊಂಡ ಹಾಗಾಗಿದೆ ಅಂತ ನಕ್ಕಿದ್ದ. ನಗುವಿನ ಅಡಿಯಲ್ಲಿ ಹೊಟ್ಟೆಕಿಚ್ಚು ಕುದಿಯುತ್ತಿದ್ದದ್ದು ಅವಳಿಗೆ ಗೊತ್ತಾಯಿತು. ಹೊಟ್ಟೆಕಿಚ್ಚಿನ ವಾಸನೆ ಅವಳಿಗೆ ಬೇಗ ಹತ್ತುತ್ತದೆ. ಸ್ವಂತ ಅಡುಗೆಮನೆಯದೇ ಸಾಮಾನಲ್ಲವೇ.

ಆದರೆ ಪೂಜೆಯ ದಿನ ಮಂಗಳಾರತಿಗೂ ನಿಲ್ಲದೆ ಅವನು ಹೊರಟುಬಿಟ್ಟಿದ್ದ. ಈಟಿ ಅಲ್ಲೇ ಇತ್ತು, ಎಲ್ಲರೂ ನೋಡಿದ್ದಾರೆ.

ಆ ಶನಿವಾರ ಅವನು ತಾನೇ ಮಾಡಿದ ಚಿತ್ರಾನ್ನ ಬಡಿಸಿದ. ಊಟದ ಮಧ್ಯೆ ಅವನ ಸೆಲ್ ಫೋನು ಮೂರು ಸಲ ಗಟ್ಟಿಮೇಳ ಬಾರಿಸಿತು. ಆ ಧಾಟಿಯನ್ನು ತಾನೇ ಕೂತು ಗುಂಡಿ ಒತ್ತಿ ಒತ್ತಿ ಸೇರಿಸಿದ್ದು ಅಂತ ಅವನಿಗೆ ದೊಡ್ಡ ಜಂಬ. ಆಮೇಲೆ ಹಿತ್ತಿಲಿಗೆ ಕರೆದುಕೊಂಡು ಹೋಗಿ, ಸೀಡರ್ ಪಾರ್ಕಿನ ಸುಣ್ಣಕಲ್ಲಿನ ಸಂದಿಯಲ್ಲಿ ಚೇಳು ಹುಡುಕುವ ದೀಪ ತೋರಿಸಿದ. ಅದರ ಬೆಳಕಿಗೆ ಚೇಳು ಹಸಿರಾಗಿ ಹೊಳೆಯಿತು. ಜೊತೆಗೆ ಚಿತ್ರಾನ್ನ ತಿಂದ ಶರ್ವಾಣಿಯ ಬೆರಳೂ ಹೊಳೆಯಿತು.

ಅರಿಶಿನ! ಅವಳ ತಲೆಯಲ್ಲಿ ಮಿಂಚು ಹೊಡೆದದ್ದು ಆವಾಗ. ಕಂದು ತೊಗಲಿನ ಮೇಲೆ ಅರಿಶಿನ ಕಣ್ಣಿಗೆ ಕಾಣುವುದಿಲ್ಲ, ಕುಂಕುಮ ಕಾಣುತ್ತದೆ. ನಕಲಿ ಈಟಿ ಪೂಜೆಯಲ್ಲಿ ಇದ್ದಿದ್ದರೆ ಅದಕ್ಕೆ ಅರಿಶಿನ ಹತ್ತಿರಲೇಬೇಕು. ಹತ್ತಿಲ್ಲ ಅಂದರೆ ಪೂಜೆ ಆದ ಮೇಲೆ ಬದಲಾಗಿದೆ. ಕಣ್ಣಿಗೆ ಕಾಣುವುದನ್ನಷ್ಟೇ ಕಳ್ಳರು ನಕಲು ಮಾಡಿದ್ದಾರೆ. ಮುಜುಗರವಿಲ್ಲದೆ ದೀಪ ಎರವಲು ಕೇಳಿದಳು, ಅವನು ಕೊಟ್ಟ.

ಈಗ ಉಗ್ರಾಣದಲ್ಲಿ ಕೂತು ಕ್ಯಾಮೆರಾದಲ್ಲಿ ನಾಲ್ಕು ಫೋಟೋ ಹೊಡೆದಳು. ನಾಲ್ಕೂ ಕಪ್ಪು. ಇಲ್ಲದ್ದನ್ನು ಯಾವ ಕ್ಯಾಮೆರಾ ತಾನೇ ಹಿಡಿದೀತು? ಅಲ್ಲಿಂದಲೇ ಮ್ಯಾನೇಜರಿಗೆ ಫೋನ್ ಮಾಡಿ, ಈಟಿಗೆ ಅರಿಶಿನದ ಸೋಂಕೂ ಇಲ್ಲ, ಹಬ್ಬದ ಮೇಲೆ ಮನೆಯವರೇ ಬದಲಾಯಿಸಿದ್ದಾರೆ, ಸೀಲ್ ಮಾಡಿ ತರುತ್ತೇನೆ ಅಂದಳು. ನಾಳೆ ಬೆಳಿಗ್ಗೆ ಲ್ಯಾಬಿಗೆ ಕಳಿಸೋಣ, ನೀನು ಹೇಳಿದ ಹಾಗೆ ಇದ್ದರೆ ಕೇಸು ಮುಗಿಯಿತು ಅಂದ ಅವನು. ಆಮೇಲೆ, ಈ ಮನೆಯವರ ಪರಿಚಯ ನಿನಗೆ ಮೊದಲಿನಿಂದ ಇಲ್ಲವಷ್ಟೇ, ಅಂತ ಇನ್ನೊಂದು ಸಲ ಕೇಳಿದ.

ಇಲ್ಲ ಅಂದಳು. ಕೇಸು ಕೈಗೆ ತೆಗೆದುಕೊಂಡ ದಿನವೂ ಹಾಗೇ ಅಂದಿದ್ದಳು. ಆ ಸುಳ್ಳು ಗೊತ್ತಾದರೆ ಕೆಲಸ ಹೋಗುತ್ತದೆ, ಮತ್ತೆ ಯಾವ ಕಂಪನಿಯೂ ಅವಳನ್ನು ಪತ್ತೆಗೆ ಕಳಿಸುವುದಿಲ್ಲ. ಗೊತ್ತಿದ್ದೂ ಹೇಳಿದ್ದಳು.

ದೀಪವನ್ನು ಕೈಚೀಲದೊಳಗೆ ಇಳಿಸಿ, ಜಿಪ್ ಎಳೆದು ಹೊರಗೆ ಬಂದಾಗ ಕೃಷ್ಣವೇಣಿ ಕಾಫಿ ಸೋಸುತ್ತಿದ್ದಳು. ಅದೇ ಜಡೆ. ಅದೇ, ಸೊಂಟ ದಾಟುವ ಜಡೆ. ನಲವತ್ತಕ್ಕೆ ಹತ್ತಿರವಾದರೂ ಒಂದು ಎಳೆ ನೆರೆತಿಲ್ಲ, ಇವಳ ಮನೆ ಹಾಳಾಗ, ಅಂತ ಶರ್ವಾಣಿಗೆ ಅನ್ನಿಸಿತು.

"ಏನ್ ಹುಡುಕ್ತಿದ್ದಿ ಅಷ್ಟೊತ್ತು?" ಕೃಷ್ಣವೇಣಿ ತಿರುಗದೇ ಕೇಳಿದಳು. "ನಮ್ಮ ಕೇಟಿಯೊಳಗ ಚೇಳಿಲ್ಲ, ಅಂಜಬ್ಯಾಡ."

ಶರ್ವಾಣಿ ನಕ್ಕಳು. ಕೈಗೆ ಹಾಕಿದ್ದ ಬಿಳಿ ಗ್ಲೌಸ್ ತೆಗೆದು ಪಕ್ಕಕ್ಕಿಟ್ಟು ಕಾಫಿ ಲೋಟ ಹಿಡಿದಳು.

ಮೈಸೂರಿನ ಹಾಸ್ಟೆಲ್ಲಿನಲ್ಲಿ ಇಬ್ಬರದೂ ಒಂದೇ ಕೋಣೆ. ಶರ್ವಾಣಿಯನ್ನು ನೋಡೋಕೆ ಸರಸ್ವತಿಪುರದ ಮನೆಗೆ ಗಂಡಿನ ಕಡೆಯವರು ಬರುತ್ತಾರೆ ಅಂದಾಗ, ಜಡೆ ಹಾಕೋಕೆ ಅಂತ ಧಾರವಾಡದ ಈ ಗೆಳತಿಯನ್ನು ಕರೆದುಕೊಂಡು ಹೋದವಳು ಸ್ವತಃ ಶರ್ವಾಣಿಯೇ. ಕಾಫಿ ತಟ್ಟೆ ಹಿಡಿದು ಹೊರಗೆ ಹೋಗುವ ಹೊತ್ತಿಗೆ ಶರ್ವಾಣಿ ಲೋಟದ ಕಾಫಿ ತುಳುಕಿಸಿದಳು. ಕೃಷ್ಣವೇಣಿ ತಟ್ಟೆ ಇಸಿದುಕೊಂಡು ಮುಂದೆ ನಡೆದಳು, ಇವಳು ಹಿಂದೆ. ಹೆಣ್ಣು ನೋಡೋಕೆ ಬಂದವನು ಕಾಫಿ ತಂದವಳನ್ನು ನೋಡಿದ. ವಾರದ ಮೇಲೆ ಮಧ್ಯಸ್ಥರು ಬಂದು, ಹುಡುಗನಿಗೆ ತಟ್ಟೆ ಹಿಡಿದಿದ್ದ ಹುಡುಗಿ ಒಪ್ಪಿಗೆಯಂತೆ ಅಂತ ತಲೆ ಕೆರೆದುಕೊಂಡರು.

ಹುಡುಗ ಜಯತೀರ್ಥ. ಶರ್ವಾಣಿಗೂ ಆಮೇಲೆ ಮದುವೆಯಾಯಿತು, ಗಂಡ ಭಾಸ್ಕರ ಒಳ್ಳೆಯವನೇ. ಆದರೂ ಒಂದು ಕಾಫಿ ತಟ್ಟೆ ಕೈಬಿಟ್ಟದ್ದನ್ನು ಅವಳ ಹೊಟ್ಟೆ ಮರೆಯಲಿಲ್ಲ.

ಈಗ ಕೇಳಿದಳು: "ಪೂಜೆ ಆದಮೇಲೆ ಈಟೀನ ತೆಗೆದು ಗೋಡೆಗೆ ಹಾಕಿದ್ದು ಯಾರು?"

"ನಾನ."

"ಬೇರೆ ಯಾರಾದ್ರೂ ಮುಟ್ಟಿದ್ರಾ?"

"ದಶಮಿ ದಿನಾ ಅವರು ಆಫೀಸಿಗೆ ಹೋಗಿದ್ರು. ಮನಿಯಾಗ ನಾನೊಬ್ಬಾಕಿ. ಬೇಕಂದ್ರ ಬರಕೋ."

"ಹಾಗಾದ್ರೆ ಕೇಳು ವೇಣಿ. ಈ ಈಟಿಗೆ ಪೂಜೆನೇ ಆಗಿಲ್ಲ. ಕುಂಕುಮ ಇದೆ, ಅರಿಶಿನ ಇಲ್ಲ. ನಿನ್ನ ಯಜಮಾನರು ಉಜ್ಜಿದ ಅರಿಶಿನ ಇರೋದು ಇನ್ನೊಂದು ಈಟಿ ಮೇಲೆ. ಅದನ್ನ ನೀನು ಎಲ್ಲಿಟ್ಟಿದ್ದೀಯಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕು ತಾನೇ? ಕೃಷ್ಣವೇಣಿ ಯಾವ ಹೆಗಲನ್ನೂ ಮುಟ್ಟಿಕೊಳ್ಳಲಿಲ್ಲ. ಚಕ್ಕಲಿ ಡಬ್ಬಿಯ ಮುಚ್ಚಳ ತೆಗೆದು ಮುಂದಿಟ್ಟಳು. ಆಮೇಲೆ ಕೂತುಕೊಂಡು, ಯಾರೋ ಮೂರನೆಯವರ ವಿಷಯ ಹೇಳುವ ಹಾಗೆ ಹೇಳತೊಡಗಿದಳು. ಗಂಡನಿಗೆ ಹೆಂಡತಿ ಹುಟ್ಟಿದ ದಿನ ನೆನಪಿರುವುದಿಲ್ಲ, ಈಟಿ ಯುದ್ಧದಲ್ಲಿ ಬಿದ್ದ ದಿನ ನಿದ್ದೆಗಣ್ಣಲ್ಲೂ ಹೇಳುತ್ತಾರೆ. ಆಫೀಸಿನಿಂದ ಬಂದರೆ ಮೊದಲು ಅದರ ಮುಂದೆ ನಿಲ್ಲುತ್ತಾರೆ, ಆಮೇಲೆ ಅಡುಗೆಮನೆ ಕಡೆ ತಿರುಗುತ್ತಾರೆ. ಊರಿಗೆ ಹೋದಾಗ ಫೋನ್ ಮಾಡಿದರೂ ಅದರ ಮೇಲೆ ಬಿಸಿಲು ಬಿದ್ದಿಲ್ಲವಷ್ಟೇ ಅಂತ ವಿಚಾರಿಸುತ್ತಾರೆ.

"ಸವತಿ ಮಣ್ಣಿನ ಗೊಂಬಿ ಆದ್ರೂ ತಡಕೊಳ್ಳಲಿಕ್ಕೆ ಆಗೂದಿಲ್ಲಂತ. ನಂದು ಕಬ್ಬಿಣದ್ದು," ಅಂದಳು. "ಯಾರ ಮಗನ ಕೈಯಾಗಿಂದ ಬಿದ್ದದ್ದೋ ಏನೋ. ಆ ತಾಯಿ ಅಲ್ಲೆ ಅತ್ತಿರಬೇಕು. ಇಲ್ಲೆ ನಾ ಅದಕ್ಕ ಆರತಿ ಎತ್ತಬೇಕು."

"ಅಂದ್ರೆ ನೀನೇ ತೆಗೆದದ್ದು."

"ನಾ ಹಂಗೆಲ್ಲಿ ಅಂದೆ? ಹೊಟ್ಟಿ ಉರೀತದ ಅಂದೆ. ನಿನಗೂ ಉರೀತದ. ನಿನ್ನ ಮಾರಿ ನೋಡಿದ್ರ ಗೊತ್ತಾಗ್ತದ, ಕಳ್ಳರು ಸಿಕ್ಕ ಖುಷಿ ಅಲ್ಲ ಅದು. ನಾ ಸಿಕ್ಕ ಖುಷಿ."

ಶರ್ವಾಣಿಯ ಮುಖ ಬಿಸಿಯಾಯಿತು. ಮಾತು ನಿಜ ಅನ್ನುವುದೇ ಅದರ ದೊಡ್ಡ ತೊಂದರೆ. ಉಗ್ರಾಣದಲ್ಲಿ ದೀಪ ಹಚ್ಚುವ ಮೊದಲೇ ಅವಳು ತೀರ್ಪು ಬರೆದಾಗಿತ್ತು. ಆದರೆ ಅರಿಶಿನ ಸುಳ್ಳು ಹೇಳುವುದಿಲ್ಲವಲ್ಲ ಅಂತ ತನ್ನನ್ನು ತಾನು ಗಟ್ಟಿ ಮಾಡಿಕೊಂಡಳು.

"ನಿಮ್ಮ ಕಂಪನೀಗೆ ಫೋನ್ ಮಾಡಿ, ನನಗ ಇಂಗ್ಲಿಷ್ ಅಷ್ಟಕ್ಕಷ್ಟ, ಕನ್ನಡ ಬಲ್ಲವರನ್ನ ಕಳಸ್ರಿ ಅಂತ ಹೇಳಿದಾಕಿ ನಾನ," ಅಂದಳು ಕೃಷ್ಣವೇಣಿ. "ಅಲ್ಲೆ ಕನ್ನಡದಾಕಿ ನೀ ಒಬ್ಬಾಕಿ ಇದ್ದೀ ಅಂತ ನನಗ ಗೊತ್ತಿತ್ತು."

"ಯಾಕೆ?"

"ಪರದೇಶದಾಗ ನಮ್ಮವರು ಅಂತ ಒಬ್ಬರಾದ್ರೂ ಬ್ಯಾಡೇನು?"

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತು. ಶರ್ವಾಣಿ ಎದ್ದು ನಿಂತಳು. ಈಟಿಯನ್ನು ಸೀಲ್ ಮಾಡಿ ತೆಗೆದುಕೊಂಡು ಹೋಗುತ್ತೇನೆ, ಸಹಿ ಹಾಕಬೇಕು ಅಂದಳು. ಕೃಷ್ಣವೇಣಿ ಧಾರಾಳವಾಗಿ ಒಪ್ಪಿದಳು.

"ಶುಕ್ರವಾರ ಅದ. ಬರೀ ಹಣಿಲೆ ಹೋಗಬ್ಯಾಡ."

ದೇವರ ಮುಂದಿನಿಂದ ಬೆಳ್ಳಿ ಬಟ್ಟಲು ತಂದಳು. ಒಂದರಲ್ಲಿ ಅರಿಶಿನ, ಒಂದರಲ್ಲಿ ಕುಂಕುಮ. ಜಗಳ ಆಡಿದವರ ಮನೆಯಲ್ಲೂ ಅರಿಶಿನ ಕುಂಕುಮ ಬೇಡ ಅನ್ನೋಕಾಗುತ್ತದೆಯೇ? ಶರ್ವಾಣಿಯ ಅಜ್ಜಿ ಸಾಯುವವರೆಗೆ ಹೇಳಿಕೊಟ್ಟದ್ದು ಅದೊಂದೇ. ಬೆರಳು ಅದ್ದಿದಳು. ಅರಿಶಿನ ನೀರಲ್ಲಿ ಕಲಸಿದ್ದು, ದಪ್ಪಗಿತ್ತು, ಮೂರು ಬೆರಳಿಗೂ ಅಂಟಿತು. ತಾಳಿಗೆ ಮುಟ್ಟಿಸಿ, ಕೆನ್ನೆಗೆ ಸವರಿ, ಹಣೆಗೆ ಕುಂಕುಮ ಇಟ್ಟುಕೊಂಡಳು. ಎಲೆ ಅಡಿಕೆ, ರವಿಕೆ ಕಣ ಕೈಗೆ ಬಂತು. ಅದನ್ನು ಚೀಲಕ್ಕೆ ಹಾಕುವಷ್ಟರಲ್ಲಿ ಕೃಷ್ಣವೇಣಿ ಒಳಗೆ ಹೋಗಿ ಈಟಿ ತಂದಿದ್ದಳು.

ಹಿಡಿಯ ಬುಡವನ್ನು ಸೆರಗಿನಲ್ಲಿ ಹಿಡಿದಿದ್ದಳು. ಅಲಗಿನ ಕಡೆ ಮುಂದೆ ಚಾಚಿದಳು. ತಗೋ, ಹರಿತ ಅದ, ಕುತ್ತಿಗಿಗೆ ಹಿಡಕೋ ಅಂದಳು. ಶರ್ವಾಣಿ ತೊಗಲು ಬಿಗಿದ ಜಾಗಕ್ಕೇ ಕೈ ಹಾಕಿ ಹಿಡಿದು, ಪ್ಲಾಸ್ಟಿಕ್ ಚೀಲದೊಳಗೆ ಇಳಿಸಿದಳು. ಕೆಂಪು ಸೀಲ್ ಅಂಟಿಸಿದಳು. ಸೀಲಿನ ಮೇಲೆ ಇಬ್ಬರೂ ಅಡ್ಡ ಸಹಿ ಹಾಕಿದರು. ಗ್ಲೌಸು ಕಾಫಿ ಲೋಟದ ಪಕ್ಕದಲ್ಲೇ ಇತ್ತು, ಅದು ನೆನಪಾಗಿದ್ದು ಬಾಗಿಲು ದಾಟಿದ ಮೇಲೆ. ಬಿಡು, ಎರಡು ಡಾಲರಿನ ಗ್ಲೌಸು ಅಂದುಕೊಂಡಳು.

ಕಾರು ಬಿಸಿಲಿಗೆ ಕಾದು ಹೆಂಚಾಗಿತ್ತು. ಈಟಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ಸ್ಟೇರಿಂಗ್ ಹಿಡಿದಳು. ನಾಲ್ಕು ಗಂಟೆ ದಾರಿ, ಆಮೇಲೆ ಡಲ್ಲಾಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್ ಊರಿನ ಆಫೀಸು, ಬೆಳಿಗ್ಗೆ ಲ್ಯಾಬು. ಜಯತೀರ್ಥನಿಗೆ ವಿಷಯ ತಾನೇ ಹೇಳಬೇಕು ಅಂತ ಆಸೆಯಾಯಿತು. ಅವನ ಮುಖ ಹೇಗಾಗುತ್ತದೆ ಅಂತ ಯೋಚಿಸುತ್ತಾ ಸ್ಟೇರಿಂಗಿನ ಕಡೆ ನೋಡಿದಳು.

ಬಿಳಿ ಕವರಿನ ಮೇಲೆ ಹಳದಿ ಬೆರಳಿನ ಗುರುತು.

ಬಲಗೈ ತಿರುಗಿಸಿದಳು. ಮೂರು ಬೆರಳೂ ಹಳದಿ.

ಹಿಂದಿನ ಸೀಟಿಗೆ ದಬಕ್ಕನೆ ಹಾರಿದಳು ಅಂದರೂ ತಪ್ಪಿಲ್ಲ. ಸೀಟಿನ ಮೇಲಿದ್ದ ಹೊದಿಕೆ ತಲೆಯ ಮೇಲೆ ಎಳೆದುಕೊಂಡು ಕತ್ತಲು ಮಾಡಿ, ಪ್ಲಾಸ್ಟಿಕ್ ಚೀಲದ ಮೇಲೆ ದೀಪ ಹಿಡಿದಳು. ಕಪ್ಪು ತೊಗಲಿನ ಮೇಲೆ ಮೂರು ಬೆರಳಿನ ಗುರುತು ಹಸಿರುಹಳದಿಯಾಗಿ ಝಗ್ಗೆಂದಿತು. ಜಯತೀರ್ಥ ಎಲ್ಲಿ ಉಜ್ಜುತ್ತಿದ್ದನೋ ಅದೇ ಜಾಗ. ಅವನು ಹೇಗೆ ಉಜ್ಜುತ್ತಿದ್ದನೋ ಹಾಗೇ, ಮೂರು ಬೆರಳು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಒರೆಸಿಬಿಡೋಣ ಅಂತ ಕರ್ಚೀಫು ತೆಗೆದಳು. ಒರೆಸುವುದು ಹೇಗೆ? ಸೀಲಿನ ಮೇಲೆ ಅವಳ ಸಹಿಯೂ ಇದೆ, ಅವಳ ವೈರಿಯ ಸಹಿಯೂ ಇದೆ. ಅರಿಶಿನದ ಸೋಂಕೂ ಇಲ್ಲ ಅಂತ ಮ್ಯಾನೇಜರಿಗೆ ಬಾಯಿಬಿಟ್ಟು ಹೇಳಿಯಾಗಿದೆ. ನಾಳೆ ಲ್ಯಾಬಿನವರು ಅರಿಶಿನ ಇದೆ ಅನ್ನುತ್ತಾರೆ. ಪರಿಚಯವೇ ಇಲ್ಲ ಅಂದವಳನ್ನು ಅದೇ ಮನೆಯ ಯಜಮಾನ ಹಿಂದೆ ನೋಡಿ ಬೇಡ ಅಂದಿದ್ದ ಅಂತ ಕೃಷ್ಣವೇಣಿ ಒಂದು ಫೋನ್ ಮಾಡಿದರೆ ಸಾಕು. ಹೊಟ್ಟೆಕಿಚ್ಚಿಗೆ ಸುಳ್ಳು ಕೇಸು ಕಟ್ಟಿದಳು ಅಂತ ಆಗುತ್ತದೆ. ಆಮೇಲೆ ಕೃಷ್ಣವೇಣಿಯ ಮೇಲೆ ಯಾರು ತಾನೇ ಬೆರಳು ತೋರಿಸುತ್ತಾರೆ?

ತನ್ನನ್ನು ಕರೆಸಿದ್ದು ಯಾಕೆ ಅಂತ ಈಗ ಅರ್ಥವಾಯಿತು. ನಮ್ಮವರು ಬೇಕು ಅಂತಲ್ಲ. ಹೊಟ್ಟೆ ಉರಿಯುವವಳು ಬೇಕಿತ್ತು.

ಆದರೆ ತಾನು ಅರಿಶಿನದ ಬೆನ್ನು ಹತ್ತುತ್ತೇನೆ ಅಂತ ಅವಳಿಗೆ ಮೊದಲೇ ಹೇಗೆ ಗೊತ್ತು? ಅರಿಶಿನ ಕಲಸಿ ಇಟ್ಟುಕೊಂಡು ಕಾಯುತ್ತಿದ್ದಳಲ್ಲ!

ಕೈಯಲ್ಲಿದ್ದ ದೀಪ ನೋಡಿದಳು. ಕೃಷ್ಣವೇಣಿಗೆ ಈ ದೀಪ ತೋರಿಸಿಲ್ಲ. ಉಗ್ರಾಣದ ಬಾಗಿಲು ಹಾಕಿತ್ತು, ಸಂದಿಗೆ ಟವೆಲ್ ಇತ್ತು, ಹೊರಗೆ ಬರುವಾಗ ದೀಪ ಚೀಲದೊಳಗಿತ್ತು.

ನಮ್ಮ ಕೇಟಿಯೊಳಗ ಚೇಳಿಲ್ಲ, ಅಂಜಬ್ಯಾಡ.

ಚಿತ್ರಾನ್ನ ಬಡಿಸಿ, ಕೈ ತೊಳೆಯುವ ಮೊದಲೇ ಹಿತ್ತಿಲಿಗೆ ಕರೆದು ದೀಪ ಹಚ್ಚಿದ್ದ ಅಣ್ಣಾಸಾಹೇಬ. ತಲೆಯಲ್ಲಿ ಹೊಡೆದ ಮಿಂಚು ತನ್ನದೇ ಅಂತ ಬೀಗಿದ್ದಳು ಶರ್ವಾಣಿ, ಆ ಮಿಂಚನ್ನೂ ಅವನೇ ಬಡಿಸಿದ್ದ.

ಕಾರಿನಿಂದ ಇಳಿದು ಮೆಟ್ಟಿಲು ಹತ್ತಿದಳು. ಕೇಳಲೇಬೇಕು, ಈಗಲೇ. ಸೀಡರ್ ಪಾರ್ಕಿನಲ್ಲಿ ಆಫೀಸಿನ ಹೊತ್ತು, ಫೋನ್ ಎತ್ತುತ್ತಾನೋ ಇಲ್ಲವೋ ಅಂದುಕೊಂಡು ಸೆಲ್ ಫೋನಿನಲ್ಲಿ ಅಣ್ಣಾಸಾಹೇಬನ ನಂಬರು ಒತ್ತಿ ಕಿವಿಗಿಟ್ಟುಕೊಂಡಳು. ಇನ್ನೊಂದು ಕೈಯ ಹಳದಿ ಬೆರಳು ಕಾಲಿಂಗ್ ಬೆಲ್ಲಿನ ಹತ್ತಿರ ಹೋಯಿತು.

ಬೆಲ್ ಒತ್ತುವ ಮೊದಲೇ, ಮುಚ್ಚಿದ ಬಾಗಿಲಿನ ಆಚೆ, ಕೃಷ್ಣವೇಣಿ ಒಬ್ಬಳೇ ಇರಬೇಕಾದ ಆ ಮನೆಯೊಳಗೆ, ಗಟ್ಟಿಮೇಳ ಮೊಳಗತೊಡಗಿತು.